ಎರವಲು ಮೂಗು

ನವೆಂಬರ್ 4, ಸೋಮವಾರ

ಅಕ್ಕನ ಮನೆ ಸೇರಿದೆ. ಮೂರನೆಯ ಮಹಡಿ, ಲಿಫ್ಟು ಕೆಟ್ಟು ಯಾವ ಕಾಲವಾಯಿತೋ. ಪೆಟ್ಟಿಗೆ ಎಳೆದುಕೊಂಡು ಮೇಲೆ ಬರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಬಾಗಿಲು ತೆರೆದವಳೇ "ಚಪ್ಪಲಿ ಆ ಮೂಲೇಲಿ ಬಿಡು" ಎಂದಳು. ಎರಡು ವರ್ಷದ ಮೇಲೆ ಮುಖ ನೋಡಿದ ತಂಗಿಗೆ ಮಹಾರಾಣಿಯವರ ಸ್ವಾಗತ ಅದು.

ಮನೆಯವರೆಲ್ಲ ನನ್ನನ್ನು ಗಿಣಿ ಎಂದು ಕರೆಯುವುದು ಸುಮ್ಮನೆ ಅಲ್ಲ. ಆದರೆ ಅಕ್ಕನ ಮುಂದೆ ಮಾತ್ರ ನನ್ನ ಬಾಯಿಗೆ ಬೀಗ ಬೀಳುತ್ತದೆ. ಇಲ್ಲಿಯಾದರೂ ಬರೆದುಕೊಳ್ಳದಿದ್ದರೆ ಹೊಟ್ಟೆ ಉಬ್ಬಿಬಿಡುತ್ತದೆ.

ಹೋದ ವಾರ ಫೋನಿನಲ್ಲಿ "ಸ್ವಲ್ಪ ದಿನ ಬಂದಿರ್ತೀಯಾ?" ಎಂದಿದ್ದಳು. ಅಕ್ಕ ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಏನೋ ದೊಡ್ಡ ಕಾಯಿಲೆ ಇರಬೇಕೆಂದು ಹೆದರಿ, ಲಾಂಡ್ರಿ ಅಂಗಡಿಯನ್ನು ನಮ್ಮವರ ಕೈಗೆ ಒಪ್ಪಿಸಿ ಬಸ್ಸು ಹತ್ತಿದೆ. ಊಟಕ್ಕೆ ಕೂತಾಗ ವಿಷಯ ಬಂತು. ಸೆಪ್ಟೆಂಬರಿನಲ್ಲಿ ಜ್ವರ ಬಂದಿತ್ತಂತೆ. ಜ್ವರ ಹೋಯಿತು, ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಯಾವ ವಾಸನೆಯೂ ಇಲ್ಲ. ನಾಲಿಗೆಗೆ ಹುಳಿ, ಉಪ್ಪು, ಸಿಹಿ, ಕಹಿ, ಒಗರು ಇಷ್ಟು ಗೊತ್ತಾಗುತ್ತದೆ, ಮಿಕ್ಕದ್ದೆಲ್ಲ ಖಾಲಿ. ಡಾಕ್ಟರು ವಾಪಸ್ಸು ಬರಬಹುದು, ಬರದೆಯೂ ಇರಬಹುದು ಎಂದಿದ್ದಾರೆ.

ಬೇರೆ ಯಾರಿಗಾದರೂ ಆಗಿದ್ದರೆ ಅಯ್ಯೋ ಪಾಪ ಎಂದು ಸುಮ್ಮನಾಗಬಹುದಿತ್ತು. ಆದರೆ ಅಕ್ಕನ ಅನ್ನವೇ ಮೂಗಿನದು. ಈ ಊರಿನ ದೊಡ್ಡ ಹೋಟೆಲಿನಲ್ಲಿ ವೈನುಗಳನ್ನು ಆರಿಸುವವಳು ಅವಳು. ಯಾವುದು ನೆಲಮಾಳಿಗೆಗೆ ಇಳಿಯಬೇಕು, ಯಾವುದು ಎಷ್ಟು ವರ್ಷ ಮಲಗಬೇಕು, ಯಾವ ಊಟದ ಜೊತೆ ಯಾವುದು ಹೋಗಬೇಕು, ಎಲ್ಲ ಅವಳ ಮಾತೇ. ಇಪ್ಪತ್ತೆರಡನೇ ತಾರೀಕು ವರ್ಷದ ಆಯ್ಕೆ ಇದೆ. ಯಜಮಾನರ ಎದುರು ಕೂತು ರುಚಿ ನೋಡಿ ಹೇಳಬೇಕು. ಅವರಿಗೆ ಇನ್ನೂ ಏನೂ ಗೊತ್ತಿಲ್ಲ.

"ನಿನ್ನ ಮೂಗು ಬೇಕು ನಂಗೆ" ಎಂದಳು, ಉಪ್ಪಿನ ಡಬ್ಬಿ ಕೊಡು ಎಂದ ಹಾಗೆ.

"ನಂದು ಲಾಂಡ್ರಿ ಮೂಗು ಕಣೇ. ಕೆಂಪು ವೈನ್ ಅಂದ್ರೆ ನಂಗೆ ಬಟ್ಟೆ ಮೇಲಿನ ಕಲೆ, ಅಷ್ಟೇ."

"ಕಲೆಯಾದ್ರೂ ಗೊತ್ತಲ್ಲ, ಅಷ್ಟು ಸಾಕು."

ಆಯ್ಕೆ ಮುಗಿದ ಮಾರನೆಯ ದಿನವೇ ಹೊರಡುತ್ತೇನೆಂದು ಹೇಳಿದ್ದೇನೆ.

ನವೆಂಬರ್ 5, ಮಂಗಳವಾರ

ಬೆಳಿಗ್ಗೆ ಎದ್ದ ಕೂಡಲೇ ಅಕ್ಕ ನನ್ನ ಕಣ್ಣು ಕಟ್ಟಿದಳು. ಒಂದೊಂದೇ ಡಬ್ಬಿ ಮೂಗಿನ ಕೆಳಗೆ ಹಿಡಿದು "ಏನು? ಇದು ಏನು?" ಎಂದು ಕೇಳಿದಳು. ಚಕ್ಕೆ, ಮೆಣಸು, ಶೂ ಪಾಲಿಶ್, ಒದ್ದೆ ರಟ್ಟು, ಕೊಳೆತ ಮೊಟ್ಟೆ. ಕೊಳೆತ ಮೊಟ್ಟೆ ಎಲ್ಲಿಂದಲೋ ತಂದದ್ದಲ್ಲ, ಒಂದು ವಾರದಿಂದ ಜೋಪಾನವಾಗಿ ಕೊಳೆಯಿಸಿದ್ದಾಳೆ. ಅದನ್ನು ಮೂಸಿಸಿದ್ದು ಕಾಫಿ ಕುಡಿಯುವ ಮೊದಲೇ. "ಹಾಳಾದ ವೈನ್‌ನಲ್ಲಿ ಇಂಥವೇ ಬರೋದು. ಇದನ್ನ ಮರೀಬೇಡ" ಎಂದಳು. ಮರೆಯುವುದೆಲ್ಲಿಂದ ಬಂತು!

ಸಂಜೆ ನಮ್ಮವರ ಫೋನು. ಕಾಲರಿಗೆ ಹಚ್ಚುವ ಸೋಪು ಎಲ್ಲಿದೆ, ಡಾಕ್ಟರಮ್ಮನ ಬಿಳಿ ಕೋಟು ಎಲ್ಲಿದೆ, ಇಸ್ತ್ರಿ ಪೆಟ್ಟಿಗೆ ಯಾಕೆ ಹೊಗೆ ಬಿಡುತ್ತಿದೆ. ಎಲ್ಲ ಹೇಳಿ ಇಡುವಷ್ಟರಲ್ಲಿ ಸಾಕಾಯಿತು. ಈ ಮನುಷ್ಯ ಅಂಗಡಿಗೆ ಬೆಂಕಿ ಇಡುವ ಮೊದಲು ನಾನು ಊರು ಸೇರಬೇಕು.

ನವೆಂಬರ್ 7, ಗುರುವಾರ

ಇವತ್ತು ಜಗಳ. ಮೂರು ಗ್ಲಾಸಿನಲ್ಲಿ ಮೂರು ಕೆಂಪು ವೈನು ಹಾಕಿ ಮುಂದಿಟ್ಟಳು. ಗ್ಲಾಸನ್ನು ಹೊಟ್ಟೆ ಹಿಡಿದು ಎತ್ತಿದ್ದಕ್ಕೆ ಒಂದು ಬೈಗುಳ, ಕಾಲು ಹಿಡಿದು ಎತ್ತಬೇಕಂತೆ. ಅಲ್ಲಾಡಿಸುವಾಗ ಚೆಲ್ಲಿದ್ದಕ್ಕೆ ಇನ್ನೊಂದು. ಮೂಸಿದೆ.

"ಏನ್ ವಾಸನೆ?"

"ವೈನ್ ವಾಸನೆ."

"ವೈನ್‌ನಲ್ಲಿ ವೈನ್ ವಾಸನೆ ಬರತ್ತೆ ಅಂತ ಹೇಳೋಕೆ ನಿನ್ನ ಬಸ್ಸಲ್ಲಿ ಕರೆಸ್ಕೋಬೇಕಿತ್ತಾ?"

ನನಗೂ ಪಿತ್ತ ನೆತ್ತಿಗೇರಿತು. "ನಿನ್ನ ಹಾಗೆ ನಾನೇನು ದೇಶ ಸುತ್ತಿ ಕಲಿತಿದೀನಾ? ಊರವರ ಬೆವರು ಮೂಸಿಕೊಂಡೇ ಬದುಕಿರೋಳು ನಾನು. ನಂಗೆ ಗೊತ್ತಿರೋ ವಾಸನೆ ಹೇಳಿದ್ರೆ ನೀನು ನಗ್ತೀಯ!"

"ಹೇಳು. ನಗಲ್ಲ."

ಸಿಟ್ಟಿನಲ್ಲೇ ಎರಡನೆಯ ಗ್ಲಾಸಿಗೆ ಮೂಗು ತೂರಿಸಿ ಬಾಯಿಗೆ ಬಂದದ್ದು ಹೇಳಿದೆ. ಮಳೆಯಲ್ಲಿ ನೆನೆದ ಉಣ್ಣೆ ಕೋಟನ್ನು ಬಿಸಿಗೆ ಹಿಡಿದ ಹಾಗೆ. ಜೇಬಿನಲ್ಲಿ ಯಾರೋ ಮರೆತ ಚಾಕೊಲೇಟು. ಒಂದು ಚೂರು ತೊಗಲಿನ ಬೆಲ್ಟು.

ಅಕ್ಕ ನಗಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಪಕ್ಕದ ಬಕೆಟ್ಟಿಗೆ ಉಗುಳಿ (ಹೌದು, ಉಗುಳುತ್ತಾರೆ, ಅದೇ ಮರ್ಯಾದೆಯಂತೆ) "ಮುಂದಿಂದು ಹೇಳು" ಎಂದಳು. ಮೂರನೆಯದನ್ನು ಹೇಳಿದೆ. ಮತ್ತೆ ಮೊದಲನೆಯದಕ್ಕೆ ಬಂದೆವು. ಕೊನೆಕೊನೆಗೆ ನಾನು ಹೇಳುತ್ತಾ ಹೋದಂತೆ ಅವಳು ಅದನ್ನು ತನ್ನ ಭಾಷೆಗೆ ತಿರುಗಿಸುತ್ತಾ ಹೋದಳು. ನನ್ನ ಒದ್ದೆ ಕೋಟು ಅವಳ ಬಾಯಲ್ಲಿ "ಕಾಡಿನ ನೆಲ" ಆಯಿತು. ಅದು ಹೇಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಇವತ್ತಿಗೆ ಅಷ್ಟು ಸಲಿಗೆ ಸಾಕು.

ನವೆಂಬರ್ 10, ಭಾನುವಾರ

ಹಾಲು ಸೀದುಹೋಯಿತು. ನಾನು ಬಟ್ಟೆ ಒಣಗಿಸಲು ಮೇಲಕ್ಕೆ ಹೋಗಿದ್ದೆ. ಇಳಿದು ಬರುವಾಗ ಮೆಟ್ಟಿಲ ಮೇಲೇ ವಾಸನೆ ಹೊಡೆಯಿತು. ಓಡಿ ಬಂದರೆ ಅಡುಗೆಮನೆ ತುಂಬ ಹೊಗೆ, ಅಕ್ಕ ಒಲೆಗೆ ಬೆನ್ನು ಹಾಕಿ ನಿಂತಿದ್ದಾಳೆ. ಕೈಯಲ್ಲಿ ಕಾಫಿಪುಡಿಯ ಡಬ್ಬಿ. ಅದರೊಳಗೆ ಮುಖವನ್ನೇ ಇಟ್ಟುಕೊಂಡು, ಉಸಿರು ಎಳೆದು ಎಳೆದು ನೋಡುತ್ತಿದ್ದಾಳೆ. ಮೂಗಿನ ತುದಿಗೆ ಪುಡಿ ಮೆತ್ತಿಕೊಂಡಿತ್ತು. ಅಳುತ್ತಿದ್ದಳು.

ಅವಳು ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ. ಅಪ್ಪ ಹೋದಾಗಲೂ ಬಂದವರಿಗೆ ಚಹಾ ಕೊಡುತ್ತಾ ಓಡಾಡಿದವಳು. ಏನು ಮಾಡಬೇಕೆಂದು ತಿಳಿಯದೆ ಒಲೆ ಆರಿಸಿ ಕಿಟಕಿ ತೆಗೆದೆ, ಪಾತ್ರೆ ಉಜ್ಜಲು ಕೂತೆ.

"ನನ್ನ ಮೈ ವಾಸನೇನೇ ನಂಗೆ ಗೊತ್ತಾಗಲ್ಲ ಕಣೇ" ಎಂದಳು ಹಿಂದಿನಿಂದ. "ಬೆವರಿದೀನೋ ಇಲ್ವೋ ಅಂತ ದಿನಾ ಎಷ್ಟು ಸಲ ಸ್ನಾನ ಮಾಡ್ತೀನಿ ಗೊತ್ತಾ? ಯಾರಾದ್ರೂ ಸ್ವಲ್ಪ ದೂರ ನಿಂತ್ರೂ ಭಯ ಆಗತ್ತೆ."

ಇಲ್ಲಿಗೆ ಬಂದಾಗಿನಿಂದ ಬಚ್ಚಲಿನಲ್ಲಿ ಯಾವಾಗಲೂ ನೀರಿನ ಸದ್ದು. ಬಿಸಿನೀರೆಲ್ಲ ಖಾಲಿ ಮಾಡುತ್ತಾಳೆಂದು ಮನಸ್ಸಿನಲ್ಲೇ ಶಪಿಸಿದ್ದೆ.

"ಇನ್ಮೇಲೆ ನನ್ನ ಕೇಳು. ನಾತ ಹೊಡೀತಿದ್ರೆ ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ" ಎಂದೆ.

"ಅದೊಂದು ನಂಬಿಕೆ ಇದೆ ನಿನ್ಮೇಲೆ" ಎಂದು ಮೂಗು ಒರೆಸಿಕೊಂಡಳು. ಸಂಜೆ ನಿಜವಾಗಲೂ ಬಂದು ಎರಡೂ ಕೈ ಮೇಲೆತ್ತಿ ನಿಂತಳು. ಪೊಲೀಸರಿಗೆ ಸಿಕ್ಕಿಬಿದ್ದವಳ ಹಾಗೆ. ಸೋಪಿನ ವಾಸನೆ ಎಂದೆ. ಇಬ್ಬರೂ ನಕ್ಕೆವು.

ನವೆಂಬರ್ 13, ಬುಧವಾರ

ಹೋಟೆಲಿಗೆ ಕರೆದುಕೊಂಡು ಹೋದಳು. ಯಜಮಾನರು ಸಣಕಲು ಮುದುಕರು, ಒಳಗೆ ಕೂತಾಗಲೂ ಮಫ್ಲರು ಸುತ್ತಿಕೊಂಡಿರುತ್ತಾರೆ. "ಆಯ್ಕೆ ದಿನ ಬರ್ಕೊಳ್ಳೋಕೆ ತಂಗಿ ಬರ್ತಾಳೆ. ನನ್ನ ಕಣ್ಣು ಈಚೆಗೆ ಅಷ್ಟಕ್ಕಷ್ಟೇ" ಎಂದು ಅಕ್ಕ ಪರಿಚಯ ಮಾಡಿಸಿದಳು. ಅವರು ಎದ್ದು ನಿಂತು ಕೈ ಮುಗಿದರು. "ನಿಮ್ಮಕ್ಕನ ಮಾತೇ ಇಲ್ಲಿ ಕೊನೇ ಮಾತು. ಅವರು ಬೇಡ ಅಂತ ಗ್ಲಾಸು ಬೋರಲು ಹಾಕಿದ್ರೆ ಮುಗೀತು, ನಾನೂ ತುಟಿ ಪಿಟಿಕ್ ಅನ್ನಲ್ಲ" ಎಂದರು. ಹೆಮ್ಮೆಯಿಂದಲೇ ಹೇಳಿದರು. ಇಂಥವರಿಗೆ ಸುಳ್ಳು ಹೇಳಬೇಕಲ್ಲ.

ನೆಲಮಾಳಿಗೆಯ ಕೀಲಿಕೈ ಅಕ್ಕನ ಸೊಂಟದಲ್ಲಿರುತ್ತದೆ. ಕಲ್ಲಿನ ಮೆಟ್ಟಿಲು ಇಳಿದರೆ ತಣ್ಣಗೆ, ಗೋಡೆಯುದ್ದಕ್ಕೂ ಬಾಟಲಿಗಳು ಮಲಗಿವೆ. ಅಕ್ಕ ಅವುಗಳ ನಡುವೆ ನಡೆಯುವುದನ್ನು ನೋಡಬೇಕು. ದೀಪ ಹಾಕುವ ಮೊದಲೇ ಕೈ ಚಾಚಿ ಬೇಕಾದ್ದನ್ನು ಮುಟ್ಟುತ್ತಾಳೆ. ಮನೆಯಲ್ಲಿ ಗದರುವವಳು ಇಲ್ಲಿ ದನಿ ತಗ್ಗಿಸುತ್ತಾಳೆ, ಯಾರೋ ನಿದ್ದೆಯಲ್ಲಿದ್ದಾರೆ ಎಂಬಂತೆ.

"ಮುಗ್ಗಲು ವಾಸನೆ ಇದ್ಯಾ?" ಎಂದು ಪಿಸುಗುಟ್ಟಿದಳು.

"ಇಲ್ಲ. ಕಲ್ಲು, ಮರ, ಸ್ವಲ್ಪ ಮೇಣ. ಚೊಕ್ಕಟವಾಗಿದೆ."

"ನಿಜ ಹೇಳ್ತಿದೀಯಾ?"

"ಆ ಮೂಲೆ ತನಕ ಹೋಗಿ ಮೂಸಿ ಬರಲಾ?"

ಹೋಗಿ ಮೂಸಿ ಬಂದೆ. ಎಲ್ಲ ಮೂಲೆಗಳನ್ನೂ. ಅವಳು ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿಕೊಂಡಳು. ಸೆಪ್ಟೆಂಬರಿನಿಂದ ಇದೊಂದು ಭಯವನ್ನು ಹೊತ್ತುಕೊಂಡು ದಿನಾ ಇಲ್ಲಿಗೆ ಇಳಿಯುತ್ತಿದ್ದಳು, ಪಾಪ, ಯಾರನ್ನೂ ಕೇಳಲಾಗದೆ.

ನವೆಂಬರ್ 16, ಶನಿವಾರ

ನಮ್ಮವರು ಫೋನು ಮಾಡಿ "ಬದುಕಿದ್ದೀಯಾ?" ಎಂದರು. ನಾಲ್ಕು ದಿನ ನಾನು ಮಾಡಿಯೇ ಇರಲಿಲ್ಲವಂತೆ. ಅಂಗಡಿ ಹೇಗಿದೆ ಎಂದು ಕೇಳಲು ಮರೆತು ಇಟ್ಟುಬಿಟ್ಟೆ.

ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಚೀಲದಿಂದ ಕಿತ್ತಳೆ ಸಿಪ್ಪೆಯ ವಾಸನೆ, ಅದರ ಹಿಂದೆ ಹೊಸ ಪುಸ್ತಕ, ಅದರ ಹಿಂದೆ ಕೆಮ್ಮಿನ ಔಷಧಿ. ಒಂದೊಂದಾಗಿ ಬಿಡಿಸುತ್ತಾ ಕೂತು ನಿಲ್ದಾಣ ದಾಟಿಹೋಯಿತು. ಮನೆಗೆ ಬಂದು ಅಕ್ಕನಿಗೆ ಹೇಳಿದರೆ "ಕಿತ್ತಳೆ ಎಳೇದೋ ಹಣ್ಣಾಗಿದ್ದೋ?" ಎಂದು ಕೇಳಿದಳು. ಹಣ್ಣಾದದ್ದು.

ನವೆಂಬರ್ 19, ಮಂಗಳವಾರ

ಇಡೀ ದಿನ ತಾಲೀಮು. ನಾನು ಬರೆದುಕೊಳ್ಳುವ ನೆಪದಲ್ಲಿ ಕಂಡ ವಾಸನೆಗಳನ್ನು ಕಾಗದದ ಮೇಲೆ ಬರೆಯುವುದು, ಅವಳು ಓರೆಗಣ್ಣಿನಲ್ಲಿ ಓದಿ ತನ್ನ ಮಾತಿನಲ್ಲಿ ಹೇಳುವುದು. ವೈನು ಕೆಟ್ಟಿದ್ದರೆ ಬರೆಯುವುದು ಬೇಡ, ಮೇಜಿನ ಕೆಳಗೆ ಅವಳ ಪಾದವನ್ನು ಒತ್ತುವುದು. ಅವಳು ಗ್ಲಾಸು ಬೋರಲು ಹಾಕುತ್ತಾಳೆ.

"ಕೆಟ್ಟಿದೆಯೋ ಇಲ್ವೋ ಅನುಮಾನ ಬಂದ್ರೆ?"

"ಥೂ ಅನ್ನಿಸಿದ್ರೆ ಒತ್ತು. ನೀನು ಯೋಚ್ನೆ ಮಾಡ್ಬೇಡ, ಅದು ನನ್ನ ಕೆಲಸ."

ಅಭ್ಯಾಸದಲ್ಲಿ ಎಷ್ಟು ಜೋರಾಗಿ ಒತ್ತಿದೆನೆಂದರೆ ಅವಳು ಕಿರುಚಿ ನನ್ನ ಗ್ಲಾಸಿಗೆ ಕೈ ತಗುಲಿಸಿದಳು. ನನ್ನ ತಿಳಿ ಬಣ್ಣದ ಕುಪ್ಪಸದ ತೋಳೆಲ್ಲ ಕೆಂಪಾಯಿತು. ಆಮೇಲೆ ನೋಡಿದರಾಯಿತೆಂದು ಹಾಗೇ ಮುಂದುವರಿಸಿದೆವು. ಮಧ್ಯೆ ನಿಲ್ಲಿಸಿದರೆ ನನಗೆ ಸಿಕ್ಕಿದ್ದ ವಾಸನೆ ತಪ್ಪಿಹೋಗುತ್ತದೆ.

ಊಟದ ಹೊತ್ತಿಗೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಯಜಮಾನ್ರು ಒಳ್ಳೆಯವರ ಹಾಗೆ ಕಾಣ್ತಾರೆ. ನಿಜ ಹೇಳಿಬಿಟ್ರೆ ಏನಾಗತ್ತೆ?"

ಅಕ್ಕ ಬ್ರೆಡ್ಡನ್ನು ಚೂರು ಮಾಡುತ್ತಾ ಇದ್ದಳು, ತಿನ್ನುತ್ತಿರಲಿಲ್ಲ. "ಕೀಲಿಕೈ ಹೋಗತ್ತೆ. ಅಷ್ಟೇ. ನಿಂಗೆ ಅಂಗಡಿ ಇದೆ, ಮನೆಯವರಿದ್ದಾರೆ, ಊರು ತುಂಬ ಗುರುತಿನವರಿದ್ದಾರೆ. ನಂಗೆ ಏನಿದೆ ಹೇಳು? ಮೆಟ್ಟಿಲಿಳಿದು ಆ ಕತ್ತಲೇಲಿ ನಿಂತಾಗ ಮಾತ್ರ ನಾನು ಯಾರೋ ಒಬ್ಬಳು ಅನ್ಸತ್ತೆ."

ನಾನಿದ್ದೀನಲ್ಲ ಎಂದು ಹೇಳಬೇಕಿತ್ತು. "ಊಟ ಮಾಡು, ತಣ್ಣಗಾಗತ್ತೆ" ಎಂದೆ.

ನವೆಂಬರ್ 21, ಗುರುವಾರ

ನಾಳೆ. ಶೀತ ಆಗಬಾರದೆಂದು ಕತ್ತಿಗೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದೇನೆ. ಅಕ್ಕ ಎರಡು ಸಲ ಬಂದು ಹೊದಿಕೆ ಸರಿಮಾಡಿ ಹೋದಳು. ನನ್ನ ಮೂಗಿನ ಮೇಲಿನ ಕಾಳಜಿ.

ನವೆಂಬರ್ 22, ಶುಕ್ರವಾರ

ಎಲ್ಲಿಂದ ಶುರುಮಾಡಲಿ? ಬರೆದೇ ಮಲಗುತ್ತೇನೆ.

ಬೆಳಗಿನ ಹೊತ್ತು, ಊಟದ ಕೋಣೆ ಖಾಲಿ, ಕುರ್ಚಿಗಳೆಲ್ಲ ಮೇಜಿನ ಮೇಲೆ ಮಗುಚಿದ್ದವು. ಕಿಟಕಿ ಪಕ್ಕದ ಒಂದು ಮೇಜಿಗೆ ಮಾತ್ರ ಬಿಳಿ ಬಟ್ಟೆ ಹಾಸಿದ್ದರು. ಒಂದು ಕಡೆ ಯಜಮಾನರು, ಅವರ ಪಕ್ಕ ಮುಖ್ಯ ಅಡುಗೆಯವರು (ಗುಂಡಗಿನ ಮನುಷ್ಯ, ಬ್ರೆಡ್ಡು ಅಗಿಯುವುದಕ್ಕಲ್ಲದೆ ಬಾಯಿ ತೆರೆಯುವುದಿಲ್ಲ), ಎದುರಿಗೆ ನಾವಿಬ್ಬರು. ಬಾಟಲಿಗಳಿಗೆಲ್ಲ ಬೂದು ಬಣ್ಣದ ಬಟ್ಟೆ ಚೀಲ ತೊಡಿಸಿ ಕುತ್ತಿಗೆಗೆ ದಾರ ಕಟ್ಟಿರುತ್ತಾರೆ. ಹೆಸರು ನೋಡಿ ಮರುಳಾಗಬಾರದೆಂದು ಇಲ್ಲಿಯ ಪದ್ಧತಿ. ಯಜಮಾನರು ಮರ್ಯಾದೆಗೆ ನನಗೂ ಒಂದು ಗ್ಲಾಸು ಇಡಿಸಿದರು. ನಮಗೆ ಬೇಕಾಗಿದ್ದೂ ಅದೇ.

ಮೊದಲೆರಡು ಸಲೀಸಾಗಿ ಹೋದವು. "ಕೊಯ್ದ ಹುಲ್ಲು, ಬಿಸಿ ಇಸ್ತ್ರಿ" ಎಂದು ಬರೆದೆ. ಅಕ್ಕ ಕಾಗದದ ಮೇಲೆ ಕಣ್ಣಾಡಿಸಿ, ಗುಟುಕು ಹಾಕಿ, "ಎಳೆಯ ಹಸಿರು ಮುಂದಿದೆ, ಹಿಂದೆ ಸುಟ್ಟ ಕಲ್ಲು" ಎಂದು ಗಂಭೀರವಾಗಿ ಹೇಳಿದಳು. ನಗು ತಡೆಯಲು ತುಟಿ ಕಚ್ಚಿಕೊಂಡೆ. ಮೂರನೆಯದು ಒದ್ದೆ ರಟ್ಟಿನ ವಾಸನೆ, ಬಾಟಲಿಯ ಬಿರಡೆ ಕೆಟ್ಟದ್ದು. ಪಾದ ಒತ್ತಿದೆ. ಅಕ್ಕ ವೈನನ್ನು ಪಕ್ಕದ ಬಕೆಟ್ಟಿಗೆ ಚೆಲ್ಲಿ ಗ್ಲಾಸು ಬೋರಲು ಹಾಕಿದಳು. ಅಡುಗೆಯವರೂ ಮೂಗು ಸಿಂಡರಿಸಿ ತಲೆಯಾಡಿಸಿದರು. ನಮ್ಮ ಆಟ ಗೆದ್ದಿತು ಎಂದುಕೊಂಡೆ.

ನಾಲ್ಕನೆಯದನ್ನು ಸುರಿದರು. ನೋಡಿದರೆ ಏನೂ ಅನ್ನಿಸುವಂತಿರಲಿಲ್ಲ. ಬಣ್ಣ ತೆಳು, ಗ್ಲಾಸಿನ ಆಚೆಯ ಬೆರಳು ಕಾಣುವಷ್ಟು. ಅಂಚಿನಲ್ಲಿ ಇಟ್ಟಿಗೆಯ ಛಾಯೆ. ಮೂಸಿದೆ, ಡಾಂಬರು! ಬಿಸಿಲಿಗೆ ಕರಗಿದ ಹೊಸ ರಸ್ತೆಯ ವಾಸನೆ ಸೀದಾ ಮೂಗಿಗೆ ಹೊಡೆಯಿತು. ಲಾಂಡ್ರಿಯವರನ್ನು ಕೇಳಿ ನೋಡಿ, ಡಾಂಬರಿನಷ್ಟು ಕೆಟ್ಟ ಕಲೆ ಇನ್ನೊಂದಿಲ್ಲ. ಹೊಸ ರಸ್ತೆಯಲ್ಲಿ ಕೂತೆದ್ದವರ ಪ್ಯಾಂಟು ಬಂದರೆ ನಾನು ಒಳಗೆ ಸೇರಿಸುವುದೇ ಇಲ್ಲ. ಯೋಚನೆ ಮಾಡಲಿಲ್ಲ, ಒಂದಕ್ಷರ ಬರೆಯಲೂ ಇಲ್ಲ, ಅಕ್ಕನ ಪಾದವನ್ನು ಬಲವಾಗಿ ಒತ್ತಿಬಿಟ್ಟೆ.

ಅಕ್ಕ ಗುಟುಕು ಹಾಕಿದಳು. ಕೆನ್ನೆ ಒಳಗೆ ಎಳೆದುಕೊಂಡವು, ಅಷ್ಟು ಒಗರು. ಹುಬ್ಬು ಗಂಟಿಕ್ಕಿತು. ನನ್ನ ಕಾಲು ಹೇಳಿದ್ದೂ ಅವಳ ನಾಲಿಗೆ ಹೇಳಿದ್ದೂ ಒಂದೇ ಆಗಿತ್ತು. ತಲೆಯಾಡಿಸಿ ಗ್ಲಾಸಿನ ಕಾಲಿಗೆ ಬೆರಳು ಹಾಕಿದಳು.

ನನ್ನ ಮೂಗು ಮಾತ್ರ ಇನ್ನೂ ಗ್ಲಾಸಿನಲ್ಲೇ ಇತ್ತು. ಇಷ್ಟು ದಿನದ ಅಭ್ಯಾಸ, ಒಂದನ್ನು ಬಿಡಿಸಿದ ಮೇಲೆ ಅದರ ಹಿಂದೆ ಏನಿದೆ ಎಂದು ನೋಡದೆ ಬಿಡುವುದಿಲ್ಲ. ಹಿಂದೆ ಗುಲಾಬಿ ಇತ್ತು. ಹೊಸದಾಗಿ ಅರಳಿದ್ದಲ್ಲ, ಬಟ್ಟೆಗಳ ನಡುವೆ ಯಾರೋ ಒಣಗಿಸಿ ಇಟ್ಟ ಎಸಳು. ಅದರ ಹಿಂದೆ ಚೆರ್ರಿ ಹಣ್ಣು, ಅದರ ಹಿಂದೆ ಹಾಲಿಲ್ಲದ ಚಹಾ. ಎಷ್ಟು ನಯವಾಗಿತ್ತು! ಕೂಗಿ ಕರೆಯುವಂಥದ್ದಲ್ಲ, ಹತ್ತಿರ ಬಂದವರಿಗೆ ಮಾತ್ರ ಹೇಳುವಂಥದ್ದು. ಡಾಂಬರೂ ಅದರೊಳಗೆ ಎಲ್ಲೋ ಸರಿಯಾಗಿ ಹೊಂದಿಕೊಂಡಿತ್ತು.

ಅಕ್ಕನ ಗ್ಲಾಸು ಬಕೆಟ್ಟಿನ ಕಡೆಗೆ ವಾಲುತ್ತಿತ್ತು. ಅದು ಬೋರಲು ಬಿದ್ದರೆ ಈ ವೈನಿನ ಕಥೆ ಮುಗಿಯಿತು. ಅಕ್ಕನ ಹೆಸರಿನಲ್ಲಿ ಇಂಥದ್ದೊಂದು ತಪ್ಪು, ಅದೂ ನನ್ನಿಂದ.

"ಅಕ್ಕಾ, ಬೇಡ! ನಾನು ತಪ್ಪಾಗಿ ಒತ್ತಿಬಿಟ್ಟೆ!"

ಅಡುಗೆಯವರ ಬಾಯಲ್ಲಿ ಬ್ರೆಡ್ಡು ಹಾಗೇ ನಿಂತಿತು.

"ಏನು ಒತ್ತಿದ್ರಿ?" ಎಂದರು ಯಜಮಾನರು.

ನಾನು ನೆಲ ಬಾಯಿ ಬಿಡಬಾರದೇ ಎಂದು ಕೂತಿದ್ದೆ. ಅಕ್ಕ ಅವರ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆಂದುಕೊಂಡೆ.

"ಏನು ಬಂತು ಹೇಳು ಗಿಣಿ. ಜೋರಾಗೇ ಹೇಳು."

"ಡಾಂಬರು ಬಂತು, ಅದಕ್ಕೇ ಒತ್ತಿದೆ. ಆದ್ರೆ ಅದರ ಕೆಳಗೆ ಗುಲಾಬಿ ಇದೆ ಅಕ್ಕ. ಒಣಗಿದ ಗುಲಾಬಿ."

"ಎರಡೂ ಇದ್ಯಾ? ಒಟ್ಟಿಗೇ?"

"ಒಟ್ಟಿಗೇ. ಬಿಡಿಸೋಕೇ ಬರ್ತಿಲ್ಲ."

ಅವಳು ಗ್ಲಾಸನ್ನು ನೆಟ್ಟಗೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಆ ತೆಳು ಕೆಂಪನ್ನು, ಅಂಚಿನ ಇಟ್ಟಿಗೆ ಬಣ್ಣವನ್ನು ತುಂಬ ಹೊತ್ತು ನೋಡಿದಳು. ಇನ್ನೊಂದು ಗುಟುಕು. ಈ ಸಲ ಒಗರಿಗೆ ಮುಖ ಗಂಟಿಕ್ಕಲಿಲ್ಲ, ಯಾರೋ ಹಳೆಯ ಗೆಳತಿಯನ್ನು ಬೀದಿಯಲ್ಲಿ ಗುರುತು ಹಿಡಿದವಳ ಹಾಗೆ ಅರಳಿತು.

"ಇದು ಇಟಲೀದು" ಎಂದಳು. "ನೆಬ್ಬಿಯೊಲೊ ದ್ರಾಕ್ಷಿ. ಡಾಂಬರು, ಗುಲಾಬಿ ಒಟ್ಟಿಗೆ ಬರೋದು ಇದ್ರಲ್ಲೇ. ಹಳೇ ಪದ್ಧತಿ ಬಿಡದೇ ಇರೋರು ಯಾರೋ ಮಾಡಿದಾರೆ."

ಯಜಮಾನರು ದಾರ ಬಿಚ್ಚಿ ಚೀಲ ಇಳಿಸಿದರು. ಚೀಟಿ ಓದಿ ತಲೆಯೆತ್ತಿದರು. ಹೌದು ಎಂದು ಅವರು ಹೇಳಬೇಕಾಗಿರಲಿಲ್ಲ.

ಆಮೇಲೆ ಅಕ್ಕ ಎಲ್ಲವನ್ನೂ ಹೇಳಿದಳು. ಕಣ್ಣಿನ ನೆಪ ಸುಳ್ಳು, ಮೂಗು ಹೋಗಿದೆ, ಸೆಪ್ಟೆಂಬರಿನಿಂದ. ದನಿ ಒಂದು ಚೂರೂ ನಡುಗಲಿಲ್ಲ.

"ಹೋದ ತಿಂಗಳು ಆ ಬಿಳಿ ವೈನು ಆರಿಸಿದ್ರಲ್ಲ?"

"ನೆನಪಿಂದ ಆರಿಸಿದೆ. ಅವರದು ಹಿಂದಿನ ವರ್ಷ ಹೇಗಿತ್ತು ಅಂತ ನೆನಪಿತ್ತು."

ಯಜಮಾನರು ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು. "ನನಗೆ ಹೇಳಬಹುದಿತ್ತಲ್ಲಮ್ಮ" ಎಂದರು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ಗ್ಲಾಸನ್ನು ಅವರ ಮುಂದಕ್ಕೆ ಸರಿಸಿ ಹೇಳಿದಳು. "ನನ್ನ ವಿಷಯ ಆಮೇಲೆ ನೋಡೋಣ. ಇದರ ತೀರ್ಮಾನ ಮಾತ್ರ ಈಗಲೇ ಮಾಡ್ಬೇಡಿ. ಅಗಲ ಹೂಜಿಗೆ ಸುರಿದು ಸಂಜೆ ತನಕ ಗಾಳಿಗೆ ಬಿಡಿ. ಇವರು ಸಿಪ್ಪೆ ಸಮೇತ ರಸಾನ ವಾರಗಟ್ಟಲೆ ನೆನೆಯೋಕೆ ಬಿಡ್ತಾರೆ, ಆಮೇಲೆ ಆಳೆತ್ತರದ ಹಳೇ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡ್ತಾರೆ. ಹೊಸ ಮರ ಆದ್ರೆ ತನ್ನ ವಾಸನೆ ಎಲ್ಲ ಬಳಿದುಬಿಡತ್ತೆ. ಹಳೇ ಮರ ತಾನೇನೂ ಸೇರಿಸಲ್ಲ, ಕಾಯೋಕೆ ಜಾಗ ಕೊಡತ್ತೆ ಅಷ್ಟೇ. ಅಷ್ಟು ಕಾದು ಬಂದಿರೋದನ್ನ ನಾವು ಒಂದು ಮಧ್ಯಾಹ್ನ ಕಾಯಬಾರ್ದಾ?"

ಕಾದೆವು. ಅಡುಗೆಯವರು ನಮಗೆ ಆಮ್ಲೆಟ್ಟು ಕಳಿಸಿದರು. ಅದು ಅವರ ಮಾತು ಎಂದು ತಿಳಿದುಕೊಂಡೆ. ಬಿಸಿಲು ಕಿಟಕಿ ಬಿಟ್ಟು ಹೋದ ಮೇಲೆ ಮತ್ತೆ ಸುರಿದರು. ಡಾಂಬರು ಹಿಂದೆ ಸರಿದು ಗೋಡೆಗೊರಗಿ ನಿಂತಿತ್ತು, ಗುಲಾಬಿ ಮುಂದೆ ಬಂದು ಕೂತಿತ್ತು. ಒಗರು ಇತ್ತು, ಆದರೆ ಒಳ್ಳೆಯ ಲಿನನ್ ಬಟ್ಟೆಗೆ ಇರುವ ಬಿಗಿಯ ಹಾಗೆ, ಹದವಾಗಿ. ಯಜಮಾನರು ಇಡೀ ಗ್ಲಾಸು ಕುಡಿದರು, ಉಗುಳಲಿಲ್ಲ. ಆ ವೈನಿನ ಹೆಸರನ್ನು ತಮ್ಮ ಕೈಯಾರೆ ಈ ವರ್ಷದ ಪಟ್ಟಿಗೆ ಬರೆದರು.

ಆಮೇಲೆ ಕೈ ಚಾಚಿದರು. ಅಕ್ಕ ಸೊಂಟದಿಂದ ಕೀಲಿಕೈ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. ಮೂಗು ಬಂದ ದಿನ ಬಂದು ತೆಗೆದುಕೊಳ್ಳಿ, ಅಲ್ಲಿಯವರೆಗೆ ಬಡಿಸುವವರಿಗೆ ಪಾಠ ಹೇಳಿಕೊಡಿ ಎಂದರು. ಮೂಗು ಬರದಿದ್ದರೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೂಜಿಯಲ್ಲಿ ಉಳಿದದ್ದನ್ನು ಬಾಟಲಿಗೆ ತುಂಬಿಸಿ ನನ್ನ ಕೈಗೆ ಕೊಟ್ಟರು.

ನವೆಂಬರ್ 23, ಶನಿವಾರ

ಅಕ್ಕ ಮಧ್ಯಾಹ್ನದ ತನಕ ಮಲಗಿದ್ದಳು. ಎದ್ದಿದ್ದಾಳೋ ಎಂದು ನೋಡಿ ನೋಡಿ ಬಂದೆ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಕೀಲಿಕೈ ಅವಳ ಹತ್ತಿರವೇ ಇರುತ್ತಿತ್ತು. ಎಷ್ಟು ಸಲ ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ. ಸಂಜೆ ತಡೆಯಲಾಗದೆ ಕೇಳಿದೆ, "ನನ್ ಮೇಲೆ ಸಿಟ್ಟಿಲ್ವಾ?"

"ಇದೆ" ಎಂದಳು. "ಗ್ಲಾಸು ಬೋರಲು ಹಾಕಿದ್ಮೇಲೆ ಹೇಳಿದ್ರೆ ನಿನ್ನ ಕತ್ತು ಹಿಚುಕ್ತಿದ್ದೆ" ಎಂದಳು. ಆಮೇಲೆ, "ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು ಕಣೇ. ಸೆಪ್ಟೆಂಬರಿಂದ ಬಂದಿರ್ಲಿಲ್ಲ."

ನಮ್ಮವರು ಫೋನು ಮಾಡಿ ಇವತ್ತು ಹೊರಟೆಯಾ ಎಂದು ಕೇಳಿದರು. ಇವತ್ತು ಯಾಕೆ ಎಂದೆ. ಅವರು ನಕ್ಕು "ಅಂಗಡಿ ನಾನು ನೋಡ್ಕೋತೀನಿ, ಇರು" ಎಂದರು.

ನವೆಂಬರ್ 24, ಭಾನುವಾರ

ಮಧ್ಯಾಹ್ನದ ಊಟವಾದ ಮೇಲೆ ಅಕ್ಕ ತಾನಾಗಿಯೇ ಆ ಬಾಟಲಿ ತಂದಳು. ಎರಡು ಗ್ಲಾಸಿಗೂ ಸಮನಾಗಿ ಸುರಿದು ಕಿಟಕಿ ಹತ್ತಿರ ನನ್ನ ಪಕ್ಕ ಕೂತಳು. ಕೆಳಗೆ ಸೈಕಲ್ ಅಂಗಡಿಯವನು ಚಕ್ರ ತಿರುಗಿಸಿ ನೋಡುತ್ತಿದ್ದ, ಅದರ ಸದ್ದು ಬಿಟ್ಟರೆ ಬೀದಿ ತಣ್ಣಗಿತ್ತು.

"ಹೇಳು" ಎಂದಳು.

ಮೂಸಿ, "ಕೆಟ್ಟಿಲ್ಲ" ಎಂದೆ.

"ಅದಲ್ಲ ಕಣೇ. ತೀರ್ಪು ಯಾರಿಗೆ ಬೇಕು ಈಗ? ಸುಮ್ನೆ ಹೇಳು. ನಂಗೋಸ್ಕರ."

ಅವಳು ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ನುಂಗದೆ, ಕಣ್ಣು ಮುಚ್ಚಿ ನನ್ನ ಕಡೆ ಮುಖ ತಿರುಗಿಸಿದಳು. ಅವಳ ಕೂದಲು ಇಷ್ಟು ಬೆಳ್ಳಗಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಗ್ಲಾಸಿಗೆ ಮೂಗು ಇಟ್ಟು ನಿಧಾನವಾಗಿ ಹೇಳಿದೆ. ಮೊದಲು ಚಹಾ, ಆರಿದ್ದು. ಆಮೇಲೆ ಚೆರ್ರಿ, ತೊಟ್ಟಿನ ಹತ್ತಿರ ಇರುವ ಹುಳಿಯ ಜೊತೆಗೆ. ದೂರದಲ್ಲಿ ಡಾಂಬರು, ಸಂಜೆ ಬಿಸಿಲಿಳಿದ ಮೇಲಿನ ರಸ್ತೆಯ ಹಾಗೆ, ಈಗ ಅದೂ ಒಳ್ಳೆಯದೇ. ಒಂದು ಚೂರು ಒದ್ದೆ ಮಣ್ಣು. ಅಕ್ಕ ಅಲ್ಲಾಡದೆ ಕೇಳುತ್ತಿದ್ದಳು, ಗುಟುಕು ಇನ್ನೂ ಬಾಯಲ್ಲೇ ಇತ್ತು. ಎಲ್ಲದರ ಕೊನೆಗೆ ಗುಲಾಬಿ ಬಂತು.

"ಗುಲಾಬಿ" ಎಂದೆ. ಅಕ್ಕ ಆಗ ನುಂಗಿದಳು.

ಕಣ್ಣು ತೆರೆಯಲಿಲ್ಲ. ರೆಪ್ಪೆಯ ಕೆಳಗಿಂದ ನೀರು ಕೆನ್ನೆಗೆ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಗ್ಲಾಸನ್ನು ಮತ್ತೆ ತುಟಿಗೆ ತಂದು, "ಇನ್ನೊಂದ್ಸಲ ಹೇಳೇ" ಎಂದಳು.

ಮೊದಲಿನಿಂದ ಹೇಳಿದೆ.